ನೀಲವ್ವ ಕೇಳಿದ ಸಾವು

ಹಿಂದಕ್ಕೆ, ನಮ್ಮಜ್ಜನ ಅಜ್ಜನಿಗೂ ಹಿಂದಕ್ಕೆ, ಹೊಳೆದಂಡೆಯ ಮೇಲೆ ಕರಿಮಟ್ಟಿ ಅಂತ ಒಂದು ಊರಿತ್ತಂತೆ. ಕುರಿ ಕಾಯುವವರು, ಕಂಬಳಿ ನೇಯುವವರು ಇದ್ದ ಊರು. ಆ ಊರಲ್ಲಿ ನೀಲವ್ವ ಅಂತ ಒಬ್ಬಳಿದ್ದಳು. ಅವಳ ಮಾತು ಹೇಳುತ್ತೇನೆ, ಕೇಳಿ.

ನೀಲವ್ವ ಮದುವೆಯಾಗಿ ಬಂದು ಎಂಟು ತಿಂಗಳಾಗಿತ್ತಂತೆ. ಗಂಡ ಗುರುಸಿದ್ಧ ಕುರಿ ಹೊಡೆದುಕೊಂಡು ಹೊಳೆ ದಾಟುವಾಗ ನೀರು ಏರಿತು. ಕುರಿ ದಾಟಿದವು, ಗುರುಸಿದ್ಧ ದಾಟಲಿಲ್ಲ. ಜೊತೆಗಿದ್ದವರು ಅವನು ಮುಳುಗಿದ್ದನ್ನು ಕಣ್ಣಾರೆ ನೋಡಿದರು. ಆದರೆ ಹೆಣ ಸಿಗಲಿಲ್ಲ. ಅವನ ತಾಯಿ ಶಾವಂತ್ರೆವ್ವ, ‘ನನ್ನ ಮಗನಿಗೆ ಈಜು ಬರ್ತದ, ಎಲ್ಲೋ ದಂಡೆ ಹತ್ಯಾನ’ ಅಂದಳು. ಅಂದವಳು ಮಾತು ಬದಲಿಸಲಿಲ್ಲ. ದಿನವೂ ಅವನ ಪಾಲಿನ ರೊಟ್ಟಿ ತೆಗೆದಿಟ್ಟಳು. ಸೊಸೆಯ ಕೈಬಳೆ ತೆಗೆಸಲಿಲ್ಲ.

ಆ ಊರಲ್ಲಿ ಸುಗ್ಗಿ ಮುಗಿದ ಮೇಲೆ ಬಯಲಾಟ ಆಡುತ್ತಿದ್ದರು. ಒಬ್ಬನೇ ಕೋಟೆಬಾಗಿಲು ಕಾಯುವ ರಾಜಕುಮಾರನ ಆಟ. ಹೊತ್ತು ಮೂಡುವಾಗ ಅವನು ಈಟಿ ತಿಂದು ಸಾಯಬೇಕು, ಅಲ್ಲಿಗೆ ಆಟ ಮುಗಿಯಬೇಕು. ಗುರುಸಿದ್ಧ ಹೊಳೆಪಾಲಾದ ವರ್ಷ, ಆಟದಲ್ಲಿ ಈಟಿ ಎತ್ತಿದ್ದೇ ತಡ, ಶಾವಂತ್ರೆವ್ವ ಎದ್ದು ಆಟ ಆಡುವ ಅಟ್ಟ ಹತ್ತಿಬಿಟ್ಟಳಂತೆ. ಹೆಂಗಸರು ಹತ್ತದ ಅಟ್ಟ ಅದು. ಹತ್ತಿ, ಈಟಿಯನ್ನು ಎರಡೂ ಕೈಯಿಂದ ಹಿಡಿದಳು.

“ಕೊಲ್ಲಬ್ಯಾಡ್ರಿ! ಇವನ ತಾಯಿ ಇನ್ನಾ ದಾರಿ ಕಾಯಾಕ ಹತ್ಯಾಳ!”

ಜನ ಅತ್ತರು. ಪದ ಹೇಳುವ ಭಾಗವತನಿಗೂ ಕಣ್ಣು ತುಂಬಿ ಬಂತು. ಅವನು ಅಲ್ಲೇ ಹೊಸ ಪದ ಕಟ್ಟಿ ರಾಜಕುಮಾರನನ್ನು ಉಳಿಸಿದ. ಮರುವರ್ಷವೂ ಉಳಿಸಿದ. ಅದರ ಮರುವರ್ಷವೂ. ಆಮೇಲೆ ಆ ಆಟದಲ್ಲಿ ಸಾವೇ ಇಲ್ಲದಾಯಿತು. ದಂಡಿಗೆ ಹೋದ ಮಕ್ಕಳು ಬಾರದವರು, ಬೇನೆಯಲ್ಲಿ ಕೂಸು ಕಳೆದುಕೊಂಡವರು, ಹತ್ತು ಹಳ್ಳಿಯ ತಾಯಂದಿರು ಬುತ್ತಿ ಕಟ್ಟಿಕೊಂಡು ಬರುತ್ತಿದ್ದರಂತೆ. ರಾಜಕುಮಾರ ಬದುಕಿದ್ದನ್ನು ನೋಡಿ, ಎದೆ ಹಗುರ ಮಾಡಿಕೊಂಡು ಹೋಗುತ್ತಿದ್ದರಂತೆ. ಸುಳ್ಳು ಅಂತ ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಆ ಒಂದು ಬೆಳಗು ಅವರಿಗೆ ವರ್ಷವಿಡೀ ಸಾಕಾಗುತ್ತಿತ್ತು.

ಹೀಗೆ ಹನ್ನೆರಡು ವರ್ಷ. ರಾಜಕುಮಾರನ ಪಾತ್ರದ ದುಂಡಪ್ಪನಿಗೆ ಹೊಟ್ಟೆ ಬಂತು, ಕಿವಿ ಹತ್ತಿರ ಕೂದಲು ಬೆಳ್ಳಗಾಯಿತು. ಸಾಯುವಾಗ ಹೇಳಲೆಂದು ಅವನ ಅಪ್ಪ ಕಲಿಸಿದ ಪದ ಬಾಯಲ್ಲೇ ಉಳಿಯಿತು.

ಆಗ ಆಚೆ ಊರಿನ ಮಾಳಪ್ಪ ಅನ್ನುವವನು ನೀಲವ್ವನನ್ನು ಕೇಳಿ ಬಂದ. ಕಂಬಳಿ ನೇಯುವವನು, ಮಾತು ಕಡಿಮೆ, ಒಳ್ಳೆಯವನು. ಗಂಡ ಸತ್ತವಳಿಗೆ ಮತ್ತೆ ಸೀರೆ ಉಡಿಸಿ ಕಳಿಸುವ ಉಡಿಕೆ ಪದ್ಧತಿ ಅವರಲ್ಲಿ ಇದ್ದೇ ಇತ್ತು. ನೀಲವ್ವನಿಗೂ ಮನಸ್ಸಿತ್ತು. ಆದರೆ ಶಾವಂತ್ರೆವ್ವ, ‘ಗಂಡ ಇದ್ದಾಕಿಗೆ ಎಂಥಾ ಉಡಿಕಿ?’ ಅಂದಳು. ಗೌಡನೂ ಹಾಗೇ ಅಂದ. ಊರೂ ಹಾಗೇ ಅಂದಿತು. ಯಾಕೆ ಗೊತ್ತೇನು? ಗುರುಸಿದ್ಧ ಸತ್ತ ಅಂತ ಒಪ್ಪಿದರೆ ಅವರವರ ಮಕ್ಕಳೂ ಸತ್ತ ಹಾಗೆ ಆಗುತ್ತಿತ್ತು. ಒಬ್ಬ ಹೆಣ್ಣುಮಗಳು ಬೆಂದರೆ ಬೇಯಲಿ, ತಮ್ಮ ಸಮಾಧಾನ ಕೆಡದಿರಲಿ ಅಂತ ಎಲ್ಲರೂ ಬಾಯಿ ಮುಚ್ಚಿಕೊಂಡರು.

ಆ ವರ್ಷದ ಆಟ ಬಂತು. ಹೊತ್ತು ಮೂಡಿತು, ಈಟಿ ಮೇಲೆದ್ದಿತು. ಶಾವಂತ್ರೆವ್ವ ಏಳುವ ಮೊದಲೇ ನೀಲವ್ವ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಟ್ಟ ಹತ್ತಿದಳು.

“ದುಂಡಪ್ಪಣ್ಣಾ, ಈ ಸಲ ಸಾಯಿ,” ಅಂದಳು.

ಜನ ದಂಗಾದರು. ಗೌಡ ಎದ್ದು ನಿಂತು, ಆ ಹೆಂಗಸನ್ನ ಕೆಳಗೆ ಇಳಿಸಿರೋ ಅಂತ ಕೂಗಿದ.

“ಗೌಡ್ರ, ನಮ್ಮತ್ತಿ ಹತ್ತಿದಾಗ ಯಾರೂ ಇಳಸಲಿಲ್ಲ. ನಾನೂ ಇಳಿಯಂಗಿಲ್ಲ.” ಆಮೇಲೆ ದುಂಡಪ್ಪನ ಕಡೆ ತಿರುಗಿದಳು. “ಸಾಯಣ್ಣಾ. ನೀ ಸಾಯೂತನಕ ಇವರು ನನ್ನ ಬದುಕಾಕ ಬಿಡಂಗಿಲ್ಲ.”

ಕಲ್ಲು ಬಿತ್ತು ಅಂತಾರೆ. ಹಣೆ ಒಡೆದು ರಕ್ತ ಬಂದರೂ ಅವಳು ಕದಲಲಿಲ್ಲ ಅಂತಾರೆ. ಭಾಗವತ ತಲೆ ತಗ್ಗಿಸಿ ಕೂತ. ದುಂಡಪ್ಪ ಅವಳ ಮುಖ ನೋಡಿದ, ಜನರ ಮುಖ ನೋಡಿದ. ಆಮೇಲೆ ಯಾರನ್ನೂ ಕೇಳದೆ ಅಪ್ಪ ಕಲಿಸಿದ ಪದ ಎತ್ತಿದ. ಹನ್ನೆರಡು ವರ್ಷ ಹೇಳದ ಪದ, ಒಂದು ಅಕ್ಷರ ಮರೆತಿರಲಿಲ್ಲವಂತೆ. ಪದ ಮುಗಿಸಿ, ಆಟದ ಈಟಿಗೆ ತಾನೇ ಎದೆ ಕೊಟ್ಟು ಬಿದ್ದ.

ಶಾವಂತ್ರೆವ್ವ ಎದ್ದಳು. ಸೊಸೆಯನ್ನು ಹೊಡೆದೇಬಿಡುತ್ತಾಳೆ ಅಂದುಕೊಂಡರು. ಅವಳು ನಿಧಾನಕ್ಕೆ ಅಟ್ಟ ಹತ್ತಿ, ಬಿದ್ದವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಸೆರಗಿನಿಂದ ಅವನ ಮುಖದ ಬಣ್ಣ ಒರೆಸಿದಳು. ಹಣೆ, ಕೆನ್ನೆ, ಮೀಸೆ, ಪೂರಾ ಒರೆಸಿ ಬಹಳ ಹೊತ್ತು ನೋಡಿದಳು.

“ಇಂವ ದುಂಡಪ್ಪ,” ಅಂದಳು. “ನನ್ನ ಮಗ ಅಲ್ಲ. ನನ್ನ ಮಗ ಹೊಳ್ಯಾಗ ಹ್ವಾದ.”

ಅಂದು, ಹನ್ನೆರಡು ವರ್ಷದ ಅಳು ಅತ್ತಳು. ಅವಳ ಹಿಂದೆ ಹತ್ತು ಹಳ್ಳಿಯ ತಾಯಂದಿರು ಒಬ್ಬೊಬ್ಬರೇ ತಮ್ಮ ತಮ್ಮ ಮಕ್ಕಳ ಹೆಸರು ಹಿಡಿದು ಅತ್ತರು. ಬಿಸಿಲು ಏರಿದರೂ ಯಾರೂ ಮನೆಗೆ ಹೋಗಲಿಲ್ಲವಂತೆ.

ಉಡಿಕೆ ಆಯಿತು. ಹೊರಡುವಾಗ ನೀಲವ್ವ ಅತ್ತೆಯ ಕೈ ಹಿಡಿದು, “ನೀನೂ ನಡಿ, ಒಬ್ಬಾಕಿನ ಇಲ್ಲಿ ಏನ್ ಮಾಡ್ತಿ?” ಅಂದಳು. ಸೊಸೆ ಎರಡನೇ ಗಂಡನ ಮನೆಗೆ ಹೋಗುವಾಗ ಅತ್ತೆಯನ್ನು ಕರೆದೊಯ್ಯುವ ಪದ್ಧತಿ ಎಲ್ಲಿದೆ ಅಂತ ಹಿರಿಯರು ತಡೆದರು.

“ಇವತ್ತಿಂದ ಐತಿ,” ಅಂದಳಂತೆ ನೀಲವ್ವ. ಮಾಳಪ್ಪ ಮುದುಕಿಯ ಗಂಟು ಎತ್ತಿ ಹೆಗಲಿಗೆ ಹಾಕಿಕೊಂಡ.

ಕರಿಮಟ್ಟಿಯಲ್ಲಿ ಈಗಲೂ ಆ ಆಟ ಆಡುತ್ತಾರೆ. ಈಟಿ ಎತ್ತಿದ ಕೂಡಲೇ ಮದ್ದಳೆ ನಿಲ್ಲುತ್ತದೆ. ಭಾಗವತ ಹೆಂಗಸರು ಕೂತ ಕಡೆ ತಿರುಗಿ, ‘ಏನ್ರವ್ವಾ, ಇಂವ ಇರ್ಲ್ಯೋ, ಹೋಗ್ಲ್ಯೋ?’ ಅಂತ ಕೇಳುತ್ತಾನೆ. ಕೆಲವು ವರ್ಷ ‘ಇರ್ಲಿ’ ಅಂತ ಒಂದು ದನಿ ಬರುತ್ತದೆ, ಕೆಲವು ವರ್ಷ ‘ಹೋಗ್ಲಿ’ ಅಂತ. ಗೌಡನ ಮಾತು ಅಲ್ಲಿ ನಡೆಯುವುದಿಲ್ಲ. ಯಾರು ಅಂದರು ಅಂತ ಒಬ್ಬರೂ ಹೊರಳಿ ನೋಡುವುದಿಲ್ಲ. ಆ ದನಿ ಹೇಳಿದಂತೆ ಆಟ ಮುಗಿಯುತ್ತದೆ.