ತಂಪು ಬಿಟ್ಟ ಗಾಡಿ

"ಗುರುಗಳೇ, ಹೆಮ್ಮೆ ಪಡುವುದು ತಪ್ಪೇ?"

ಕೇಳಿದ ಶಿಷ್ಯನ ಕೊರಳಲ್ಲಿ ಇನ್ನೂ ಹೂವಿನ ಹಾರವಿತ್ತು. ಇಟ್ಟಿಗೆ ಗೂಡುಗಳಲ್ಲಿ ದುಡಿಯುವವರ ಮಕ್ಕಳಿಗೆ ಅವನು ಮಠದ ಜಗಲಿಯಲ್ಲಿ ದಿನವೂ ಬೆಳಿಗ್ಗೆ ಪಾಠ ಹೇಳುತ್ತಿದ್ದ. ಅದನ್ನು ಮೆಚ್ಚಿ ಊರವರು ಅಂದು ಅವನಿಗೆ ಸನ್ಮಾನ ಮಾಡಿದ್ದರು. ಆ ಗಡಿಬಿಡಿಯಲ್ಲಿ ಪಾಠ ನಡೆಯಲಿಲ್ಲ. ಮಕ್ಕಳು ಕಾದು ಕಾದು ಹೊರಟುಹೋಗಿದ್ದರು.

ಗುರುಗಳು ನಕ್ಕರು. "ತಪ್ಪೆಂದು ಯಾರು ಹೇಳಿದರು? ಕೂತು ಕೇಳು" ಎಂದು ಕತೆ ಶುರುಮಾಡಿದರು.

ಒಬ್ಬ ಚಾಲಕನಿದ್ದ. ಹಳ್ಳಿಗಳ ರೋಗಿಗಳನ್ನು ಪೇಟೆಯ ಆಸ್ಪತ್ರೆಗೆ ಮುಟ್ಟಿಸುವುದು ಅವನ ಕೆಲಸ. ಅವನ ವ್ಯಾನಿನ ಮುಂಭಾಗಕ್ಕೆ ಏಸಿ ಇತ್ತು. ಸುತ್ತಲಿನ ಊರುಗಳಲ್ಲಿ ಅಂಥ ಗಾಡಿ ಇನ್ನೊಂದಿರಲಿಲ್ಲ. ಎಂಥ ಬಿಸಿಲಿನಲ್ಲೂ ಅವನ ಅಂಗಿಯ ಇಸ್ತ್ರಿ ಕೆಡುತ್ತಿರಲಿಲ್ಲ. ಹೆಮ್ಮೆ ಪಡಲು ಅವನಿಗೆ ಅಷ್ಟೇ ಸಾಕಾಗಿತ್ತು.

ಒಮ್ಮೆ ಸೊಂಟದ ಮೂಳೆ ಮುರಿದ ಅಜ್ಜಿಯೊಬ್ಬಳನ್ನು ಹಿಂದೆ ಮಲಗಿಸಿಕೊಂಡು ಹೊರಟ. ರಸ್ತೆಯೋ, ಆ ದೇವರಿಗೇ ಪ್ರೀತಿ. ಪ್ರತಿ ಗುಂಡಿಗೂ ಅಜ್ಜಿ ನರಳಿದಳು. ಅವನು ಎಷ್ಟು ನಿಧಾನ ಮಾಡಿದರೂ ನರಳಾಟ ನಿಲ್ಲಲಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ, ತಾನು ತಂಪಾಗಿ ಕುಳಿತಿದ್ದಕ್ಕೆ ಅವನಿಗೆ ನಾಚಿಕೆಯಾಗಿತ್ತು.

ಅಲ್ಲಿಂದ ನೇರ ಮೆಕ್ಯಾನಿಕ್ ಬಳಿ ಹೋದ. "ಹಿಂದೆ ಮಲಗಿದವರಿಗೆ ಕುಲುಕದ ಹಾಗೆ ಮಾಡಿಕೊಡೋಕೆ ಆಗತ್ತಾ?" ಎಂದು ಕೇಳಿದ.

"ಆಗತ್ತೆ ಅಣ್ಣಾ. ಹಿಂದಿನ ಚಕ್ರದ ಉಕ್ಕಿನ ಸ್ಪ್ರಿಂಗ್ ಪಟ್ಟಿ ತೆಗೆದು ಗಾಳಿಚೀಲ ಕೂರಿಸ್ತೀನಿ. ಅದಕ್ಕೆ ಗಾಳಿ ತುಂಬೋ ಕೆಲಸ ನಿಮ್ಮ ಏಸಿ ಕಂಪ್ರೆಸರೇ ಮಾಡತ್ತೆ. ಆದರೆ ತಂಪು ಹೋಗತ್ತೆ, ನೋಡಿ."

"ಹೋದರೆ ಹೋಗಲಿ ಬಿಡು."

"ಇನ್ನೊಂದು ಮಾತು. ಇಷ್ಟು ದಿನ ಕಂಪ್ರೆಸರಿನ ಎಣ್ಣೆ ಏಸಿ ಗ್ಯಾಸಿನ ಜೊತೆ ಸುತ್ತಿಕೊಂಡು ವಾಪಸ್ ಬರ್ತಿತ್ತು. ಇನ್ಮೇಲೆ ಗಾಳಿ ಜೊತೆ ಹೋದ ಎಣ್ಣೆ ಹೋಯ್ತು, ಮತ್ತೆ ಬರಲ್ಲ. ದಿನಾ ಬೆಳಿಗ್ಗೆ ನೀವೇ ಹಾಕಬೇಕು. ಮರೀಬೇಡಿ."

ಸುದ್ದಿ ತಿಳಿದ ಬೇರೆ ಚಾಲಕರು ಆಡಿಕೊಂಡರು. ಇದ್ದ ತಂಪು ಕೊಟ್ಟು ಗಾಳಿ ಕೊಂಡವನು ಎಂದು ಹೆಸರಿಟ್ಟರು. ಅವನು ತಲೆ ಕೆಡಿಸಿಕೊಳ್ಳಲಿಲ್ಲ.

ಅಜ್ಜಿಯನ್ನು ಮನೆಗೆ ಕರೆತರುವ ದಿನ ಗಾಡಿ ಸಿದ್ಧವಾಗಿತ್ತು. ಅದೇ ರಸ್ತೆ, ಅದೇ ಗುಂಡಿಗಳು. ಚಾಲಕ ಬೆವರಿನಲ್ಲಿ ತೊಯ್ದುಹೋಗಿದ್ದ. ಹಿಂದಿನಿಂದ ಸದ್ದೇ ಇಲ್ಲ. ಗಾಬರಿಯಾಗಿ ಗಾಡಿ ನಿಲ್ಲಿಸಿ ನೋಡಿದರೆ ಅಜ್ಜಿ ಗೊರಕೆ ಹೊಡೆಯುತ್ತಿದ್ದಳು. ಅವನ ಎದೆ ಉಬ್ಬಿತು. ಉಬ್ಬಲೇಬೇಕು. ತನ್ನ ತಂಪು ಬಿಟ್ಟು ಇನ್ನೊಬ್ಬರಿಗೆ ನಿದ್ದೆ ಕೊಟ್ಟವನ ಎದೆ ಉಬ್ಬದಿದ್ದರೆ ಇನ್ನಾರದು ಉಬ್ಬಬೇಕು?

ಆ ಗೊರಕೆಯ ಕತೆ ಊರೂರಿಗೆ ಹಬ್ಬಿತು. ಬಸುರಿಯರು, ಕೈಕಾಲು ಮುರಿದವರು ಅವನ ಗಾಡಿಯೇ ಬೇಕೆಂದರು. ಆಡಿಕೊಂಡ ಚಾಲಕರೇ ಬಗ್ಗಿ ಬಗ್ಗಿ ಗಾಳಿಚೀಲ ನೋಡಿದರು. ಬೆಳಗಾದರೆ ಚಹಾದಂಗಡಿಯಲ್ಲಿ ಅವನ ಬಾಯಿಂದಲೇ ಕತೆ ಕೇಳಲು ಜನ ಕಾಯುತ್ತಿದ್ದರು. ಮೊದಮೊದಲು ಅವನು ಎಣ್ಣೆ ಹಾಕಿ, ಕೈ ಒರೆಸಿಕೊಂಡು ಹೋಗಿ ಕತೆ ಹೇಳುತ್ತಿದ್ದ. ಆಮೇಲಾಮೇಲೆ ಕತೆ ಹೇಳಿ ಬಂದು ಎಣ್ಣೆ ಹಾಕಿದ. ಕೊನೆಗೆ ಕತೆಯೊಂದೇ ಉಳಿಯಿತು.

ತಪಾಸಣೆಗೆಂದು ಅಜ್ಜಿ ಮತ್ತೆ ಅದೇ ಗಾಡಿ ಹತ್ತಿದಳು. ನಡುದಾರಿಯಲ್ಲಿ, ಎಣ್ಣೆ ಕಾಣದೆ ಒಣಗಿದ್ದ ಕಂಪ್ರೆಸರ್ ಕಿರ್ರೆಂದು ಚೀರಿ ಜಾಮ್ ಆಯಿತು. ಚೀಲಗಳ ಗಾಳಿ ಇಳಿಯಿತು. ಗಾಡಿಯ ಹಿಂಭಾಗ ಕುಸಿದು, ಗುಂಡಿ ಗುಂಡಿಗೂ ದಡಬಡ ಎನ್ನತೊಡಗಿತು. ಅಜ್ಜಿ ನೋವಿಗೆ ಹಲ್ಲು ಕಚ್ಚಿಕೊಂಡು ಕೇಳಿದಳು.

"ಯಾಕಪ್ಪಾ, ಇವತ್ತು ಬೇರೆ ಗಾಡಿ ತಂದ್ಯಾ?"

ಚಾಲಕ ವೇಗ ಇನ್ನಷ್ಟು ತಗ್ಗಿಸಿದ. ಮುಂದೆ ತಂಪೂ ಇಲ್ಲ, ಹಿಂದೆ ನಿದ್ದೆಯೂ ಇಲ್ಲ. ಆ ದಾರಿ ಅವನಿಗೆ ಮುಗಿಯದಷ್ಟು ಉದ್ದವಾಯಿತು.

ಬೇರೊಂದು ಕಂಪ್ರೆಸರ್ ಹುಡುಕಿ ತಂದು ಹಾಕಿಸಿದ. ಅವನು ಈಗಲೂ ಚಹಾದಂಗಡಿಗೆ ಹೋಗುತ್ತಾನೆ. ಎದೆಯುಬ್ಬಿಸಿಕೊಂಡೇ ಹೋಗುತ್ತಾನೆ. ಆದರೆ ಅವನು ಕುಡಿದಿಟ್ಟ ಲೋಟದ ಮೇಲೆ ಎಣ್ಣೆಯ ಬೆರಳಚ್ಚು ಇರುತ್ತದೆ.

ಕತೆ ಮುಗಿಯಿತು. ಶಿಷ್ಯನ ಮುಖ ಅರಳಿತು. "ಹಾಗಾದರೆ ಹೆಮ್ಮೆ ತಪ್ಪಲ್ಲ, ಅಲ್ಲವೇ ಗುರುಗಳೇ?" ಎನ್ನುತ್ತ ಕೊರಳಿನ ಹಾರ ಸರಿಮಾಡಿಕೊಂಡ.

ಗುರುಗಳು ಖಾಲಿ ಜಗಲಿಯ ಕಡೆ ನೋಡಿ ಕೇಳಿದರು:

"ಇವತ್ತು ಬೆಳಿಗ್ಗೆ ಎಣ್ಣೆ ಹಾಕಿದೆಯಾ?"