ಕೈತಪ್ಪು, ಕೈವಾಡ

"ಗುರುಗಳೇ, ಹೊರಗಿನವನು ಬಂದೂಕು ಹಿಡಿದು ಕೊಂದರೆ ಭಯೋತ್ಪಾದಕ ಎನ್ನುತ್ತಾರೆ, ಅವನ ಜನರನ್ನೆಲ್ಲ ಜರೆಯುತ್ತಾರೆ. ನಮ್ಮವನೇ ಕೊಂದರೆ, ಪಾಪ, ತಲೆ ಕೆಟ್ಟಿತ್ತು ಎನ್ನುತ್ತಾರೆ. ಬಂದೂಕಿನ ಮಾತೆತ್ತಿದರೆ, ಅದು ನಮ್ಮ ಹಕ್ಕು, ಸುಮ್ಮನಿರು ಎನ್ನುತ್ತಾರೆ. ಈ ಎರಡು ನಾಲಿಗೆ ಏಕೆ?" ಎಂದು ಶಿಷ್ಯ ಚೆನ್ನಮಲ್ಲ ಕೇಳಿದ.

ಗುರುಗಳು ನಕ್ಕು ಒಂದು ಕತೆ ಹೇಳಿದರು.

ಒಂದು ಹೊಳೆಯ ಎರಡು ದಡಗಳಲ್ಲಿ ಎರಡು ಊರು. ಕಾಡುಹಂದಿಯ ಕಾಟಕ್ಕೆ ಎರಡೂ ಕಡೆ ಮನೆಮನೆಯಲ್ಲಿ ಕೋವಿ. ಈಚೆದಡದ ಗೌಡನ ಮೊಮ್ಮಗನಿಗೆ ಹೆಸರಿಟ್ಟ ದಿನ, ಗೌಡನ ತಮ್ಮ ಸಂತೋಷ ತಡೆಯಲಾರದೆ ಕೋವಿ ಹಾರಿಸಿದ. ಗುಂಡು ತಗುಲಿ, ಸೂರಿನಿಂದ ನೆಲುವಿನಲ್ಲಿ ತೂಗುತ್ತಿದ್ದ ಮಜ್ಜಿಗೆಯ ಗಡಿಗೆ ಒಡೆಯಿತು. ಕೆಳಗೆ ಊಟಕ್ಕೆ ಕುಳಿತಿದ್ದ ಹಿರಿಯರೆಲ್ಲ ಮಜ್ಜಿಗೆಯಲ್ಲಿ ಮಿಂದರು. ಗೌಡ ಮೀಸೆ ಒರೆಸಿಕೊಂಡು, "ಕೈತಪ್ಪು, ಬಿಡಿ" ಎಂದ. ಎಲ್ಲರೂ ನಕ್ಕು ಊಟ ಮುಂದುವರಿಸಿದರು.

ಕೆಲವು ದಿನ ಕಳೆಯಿತು. ಆಚೆದಡದ ಒಬ್ಬ ಅಂಬಿಗ ಹಂದಿಗೆಂದು ಹಾರಿಸಿದ ಗುಂಡು ಹೊಳೆ ದಾಟಿ ಬಂದು, ಒಣಹಾಕಿದ್ದ ಗೌಡನ ರುಮಾಲನ್ನು ತೂತು ಮಾಡಿತು. ಗೌಡ ಚಾವಡಿಯಲ್ಲಿ ಊರು ಸೇರಿಸಿ, ತೂತಿನೊಳಗೆ ಬೆರಳು ತೂರಿಸಿ ತೋರಿಸಿದ. "ಇದು ಕೈವಾಡ! ಇವತ್ತು ರುಮಾಲು, ನಾಳೆ ತಲೆ. ಆಚೆದಡದವರು ಒಬ್ಬರೂ ಇನ್ನು ಹೊಳೆ ದಾಟಕೂಡದು."

ಸೇರಿದವರಲ್ಲಿ ಅದೇ ಊರಿನ ಒಬ್ಬ ರೈತನೂ ಇದ್ದ. ಮಾರನೆಯ ದಿನ ಅವನ ಮಗಳ ಮದುವೆ. ಹುಡುಗಿಗೆ ಅರಿಸಿನ ಹಚ್ಚಿಯಾಗಿತ್ತು, ಗಂಡು ಆಚೆದಡದವನು. ಬೇಡಿಕೊಂಡರೆ ಗೌಡ ಇನ್ನಷ್ಟು ಬೀಗುತ್ತಾನೆ, ಜಗಳಕ್ಕೆ ನಿಂತರೆ ಮುಹೂರ್ತ ಮೀರುತ್ತದೆ. ಏನು ಮಾಡುವುದೆಂದು ಕಣ್ಣಾಡಿಸಿದಾಗ, ಗೌಡನ ತಮ್ಮ ಕಂಬಕ್ಕೊರಗಿ ಅಣ್ಣನ ಮಾತಿಗೆ ತಲೆದೂಗುತ್ತಿದ್ದುದು ಕಂಡಿತು.

ರೈತ ಎದ್ದು ನಿಂತ. "ಗೌಡ್ರೇ, ಒಬ್ಬ ಗುಂಡು ಹಾರಿಸಿದ್ರೆ ಅವನ ಕಡೆಯೋರೆಲ್ಲ ಮನೇಲಿರಬೇಕು. ಒಪ್ಪಿದೆ. ಮಜ್ಜಿಗೆಗೆ ಗುರಿಯಿಟ್ಟೋರು ನಿಮ್ಮ ತಮ್ಮ. ಮತ್ತೆ ನೀವು ಹೊಸ್ತಿಲು ದಾಟಿ ಇಲ್ಲಿಗೆ ಹೇಗೆ ಬಂದ್ರಿ?"

"ಲೋ, ಅದು ಕೈತಪ್ಪು ಕಣೋ!"

"ಅಂಬಿಗನಿಗೂ ಇರೋದು ಕೈಯೇ ಅಲ್ವಾ, ಗೌಡ್ರೇ?"

ಗೌಡನ ಹೆಂಡತಿ ಹೆಂಗಸರ ನಡುವಿನಿಂದ ಕೂಗಿದಳು: "ಬನ್ನಿ, ಬನ್ನಿ, ಒಳಗೇ ಕೂತಿರಿ. ಅವರೆಕಾಯಿ ಸುಲಿಯೋಕೆ ಕೈ ಸಾಲದು ನಂಗೆ!"

ಚಾವಡಿ ಗೊಳ್ಳೆಂದಿತು. ಗೌಡ ಮುಖ ಬಿಗಿಯಲು ನೋಡಿದ, ಮೀಸೆ ಕುಣಿಯಿತು, ಕೊನೆಗೆ ತಾನೂ ನಕ್ಕ. "ದೋಣಿ ಬಿಡ್ರಪ್ಪಾ" ಎಂದ.

ರೈತ ಅಲ್ಲಿಗೇ ಬಿಡಲಿಲ್ಲ. ಮದುವೆಗೆ ಬಂದವರು ಯಾವ ದಡದವರಾದರೂ ಕೋವಿಯನ್ನು ತನ್ನ ಕೊಟ್ಟಿಗೆಯಲ್ಲಿಟ್ಟೇ ಚಪ್ಪರದೊಳಗೆ ಬರಬೇಕೆಂದ. ಕೆಲವರು ಗೊಣಗಿದರು, ಆದರೂ ಇಟ್ಟರು. ಮದುವೆ ನಡೆಯಿತು. ಡೋಲಿನ ಸದ್ದಿಗೆ ಗೌಡನ ತಮ್ಮನೂ ಅಂಬಿಗನೂ ಬರಿಗೈಯಲ್ಲಿ ಕುಣಿದು ಕುಣಿದು ಸುಸ್ತಾಗಿ ಒಂದೇ ಚಾಪೆಯ ಮೇಲೆ ಬಿದ್ದುಕೊಂಡರು.

ಚೆನ್ನಮಲ್ಲ ಚಪ್ಪಾಳೆ ತಟ್ಟಿ ನಕ್ಕ. "ತಿಳಿಯಿತು ಗುರುಗಳೇ! ಆ ಈಚೆದಡದವರ ಬುದ್ಧಿಯೇ ಅಷ್ಟು."

ಗುರುಗಳು ಮೆಲ್ಲಗೆ ಕೇಳಿದರು: "ಆ ರೈತ ಯಾವ ದಡದವನು, ಮಗು?"