ಮೀಟರಿನ ಮುಳ್ಳು

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ ಟೀಚರ್, ಹಾಗೆ ಪ್ರಮಾಣಿಸಿ ನೋಡುವುದು ತಪ್ಪಾ?" ಎಂದು ಶ್ರೀಪತಿ ಕೇಳಿದ.

ಜಲಜಾಕ್ಷಿ ಟೀಚರ್ ತಂತಿ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಊರೂರಿನವರೊಂದಿಗೆ ಮಾತಾಡುವ ಹ್ಯಾಮ್ ರೇಡಿಯೋ ಪರವಾನಗಿ ಬೇಕೆನ್ನುವವರಿಗೆ ತಮ್ಮ ಮನೆಯ ಜಗಲಿಯಲ್ಲಿ ಮೋರ್ಸ್ ಸಂಕೇತ ಕಲಿಸುತ್ತಿದ್ದರು. ಶ್ರೀಪತಿ ಅವರ ಶಿಷ್ಯ. ಅಂದು ಪಾಠದಲ್ಲಿ ಅವನ ಕೈ ಮತ್ತೆ ಮತ್ತೆ ತಪ್ಪುತ್ತಿತ್ತು. ಟೀಚರ್ ಅವನ ಮುಂದಿದ್ದ, ಸಂಕೇತ ಒತ್ತುವ ಕೀಲಿಯನ್ನು ಎತ್ತಿ ಪಕ್ಕಕ್ಕಿಟ್ಟು, "ಯಾರನ್ನು ಪ್ರಮಾಣಿಸಿ ನೋಡಿದ್ದು?" ಎಂದರು.

ಹೆಂಡತಿ ವಾರಿಜಾಳನ್ನು. ಎರಡು ತಿಂಗಳ ಹಿಂದೆ ಶ್ರೀಪತಿ ಮನೆಗೆ ಬಂದಾಗ ಅವಳು ಫೋನಿನಲ್ಲಿ ಯಾರೊಂದಿಗೋ ನಗುತ್ತಿದ್ದಳು. ಇವನನ್ನು ಕಂಡು ಫೋನ್ ಇಟ್ಟಳು. ಅವನು ಕಂಡದ್ದು ಅಷ್ಟೇ. ಆಮೇಲೆ ಅವನು ಶಿವಮೊಗ್ಗಕ್ಕೆ ಹೋಗುತ್ತೇನೆಂದು ಹೊರಟು ಅರ್ಧ ದಾರಿಯಿಂದ ತಿರುಗಿ ಬಂದ. ಒಂದೇ ಪ್ರಶ್ನೆಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೇಳಿ ಉತ್ತರಗಳನ್ನು ತಾಳೆ ನೋಡಿದ. ಅವಳು ಸ್ನಾನಕ್ಕೆ ಹೋದಾಗ ಫೋನ್ ತೆರೆದು ನೋಡಿದ. ಒಮ್ಮೆ ಅವಳು ಅದನ್ನು ಕಂಡುಬಿಟ್ಟಳು.

"ಏನೂ ಸಿಗಲಿಲ್ಲ ನಿಜ. ಆದರೆ ಈಗ ಅವಳು ನನ್ನ ಹತ್ರ ಮಾತೇ ಆಡುವುದಿಲ್ಲ ಟೀಚರ್. ನಾನು ಒಳಗೆ ಬಂದರೆ ಎದ್ದು ಅಡುಗೆಮನೆಗೆ ಹೋಗ್ತಾಳೆ. ಫೋನ್ ಕೈಯಿಂದ ಬಿಡುವುದಿಲ್ಲ. ತಪ್ಪು ಮಾಡದವರು ಹೀಗಿರ್ತಾರಾ? ಬರುವ ಭಾನುವಾರ ಅವಳನ್ನು ತವರಿಗೆ ಕರ್ಕೊಂಡು ಹೋಗಿ ಬಿಟ್ಟು ಬರ್ತೇನೆ. ನಿರ್ಧಾರ ಮಾಡಿಯಾಯ್ತು."

ಟೀಚರ್ ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. "ನಿರ್ಧಾರ ಆಗಿದ್ದರೆ ನನ್ನನ್ನು ಕೇಳುವುದು ಯಾಕೆ? ಇರಲಿ, ಬಂದಿದ್ದೀಯ, ಒಂದು ಕತೆ ಕೇಳಿಕೊಂಡು ಹೋಗು" ಎಂದು ಆರಂಭಿಸಿದರು.

ಕಡಲ ಬದಿಯ ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಹಗಲೆಲ್ಲ ಬಟ್ಟೆ ಅಳೆಯುತ್ತಿದ್ದ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಅಟ್ಟದ ಮೇಲೆ ಕುಳಿತು ರೇಡಿಯೋದಲ್ಲಿ ಮಾತಾಡುತ್ತಿದ್ದ. ಘಟ್ಟದ ಆಚೆ, ದೂರದ ಒಂದು ಊರಿನಲ್ಲಿ, ಒಬ್ಬ ಗಡಿಯಾರ ರಿಪೇರಿಯವನು ಇದ್ದ. ಇಬ್ಬರಿಗೂ ಪರಿಚಯವಾದದ್ದು ರೇಡಿಯೋದಲ್ಲೇ. ಮುಖ ನೋಡುವ ಮೊದಲೇ ಸ್ನೇಹ ಗಟ್ಟಿಯಾಗಿತ್ತು. ವ್ಯಾಪಾರಿಯ ತಾಯಿ ತೀರಿಕೊಂಡಾಗ ಸುದ್ದಿ ನೆಂಟರಿಗಿಂತ ಮೊದಲು ಮುಟ್ಟಿದ್ದು ಗಡಿಯಾರದವನಿಗೆ. ಬೆಳಿಗ್ಗೆ ಅವನ ದನಿ ಕೇಳದಿದ್ದರೆ ವ್ಯಾಪಾರಿಗೆ ತಿಂಡಿ ಸೇರುತ್ತಿರಲಿಲ್ಲ.

ವ್ಯಾಪಾರಿಯ ರೇಡಿಯೋ ಸಣ್ಣದು. ಅದಕ್ಕೆ ಬಲ ಕೊಡಲು ಒಂದು ಆಂಪ್ಲಿಫೈಯರ್ ಇತ್ತು. ಗಡಿಯಾರದವನೇ ಘಟ್ಟ ಇಳಿದು ಬಂದು, ವಾರವಿದ್ದು, ಅದನ್ನು ಕಟ್ಟಿಕೊಟ್ಟಿದ್ದ. ಅದರೊಳಗೆ ಬಲ್ಬಿನಂಥ ಒಂದು ದೊಡ್ಡ ಗಾಜಿನ ವಾಲ್ವ್. ಬಲವೆಲ್ಲ ಆ ವಾಲ್ವಿನದೇ. ಅದನ್ನೂ ಗಡಿಯಾರದವನೇ ತಂದಿದ್ದ, ಒಂದು ಹಳೆಯ ಪಂಚೆಯಲ್ಲಿ ಕೂಸನ್ನು ಸುತ್ತಿದಂತೆ ಸುತ್ತಿಕೊಂಡು. "ಹೊಸದು, ಜೋಪಾನ" ಎಂದಿದ್ದ. ಆ ಪಂಚೆಯನ್ನು ನೋಡಿ ಅಂದು ವ್ಯಾಪಾರಿಯ ಕಣ್ಣು ತುಂಬಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದಿದ್ದಾನಲ್ಲ ಎಂದು.

ಆಂಪ್ಲಿಫೈಯರಿನ ಪಕ್ಕದಲ್ಲಿ ಒಂದು ಮೀಟರ್ ಇತ್ತು. ಆಂಟೆನಾಕ್ಕೆ ಎಷ್ಟು ಶಕ್ತಿ ಹೋಗುತ್ತಿದೆ ಎಂದು ಅದರ ಮುಳ್ಳು ತೋರಿಸುತ್ತಿತ್ತು. ವ್ಯಾಪಾರಿ ಕೀಲಿ ಒತ್ತಿದರೆ ಮುಳ್ಳು ನಾನೂರು ವಾಟಿಗೆ ಹೋಗಿ ನಿಲ್ಲುತ್ತಿತ್ತು. ಅದನ್ನು ನೋಡಿಯೇ ಅವನ ದಿನ ಶುರುವಾಗುತ್ತಿತ್ತು.

ಒಂದು ಸಂಜೆ ಊರಿನ ಮೇಲೆ ಗುಡುಗು ಸಿಡಿಲು ಆಯಿತು. ಮರುದಿನ ಬೆಳಿಗ್ಗೆ ಮುಳ್ಳು ಮುನ್ನೂರರಲ್ಲೇ ನಿಂತಿತು.

ವ್ಯಾಪಾರಿ ದಡ್ಡನಲ್ಲ. ಮನೆಗೆ ಬರುವ ಕರೆಂಟು ನೋಡಿದ, ಸರಿ ಇತ್ತು. ಕೇಬಲ್ ಬಿಚ್ಚಿ ತುದಿಗಳನ್ನು ಉಜ್ಜಿ ಮತ್ತೆ ಬಿಗಿದ. ಛಾವಣಿ ಹತ್ತಿ ಆಂಟೆನಾ ನೋಡಿದ. ಆಂಪ್ಲಿಫೈಯರಿನ ಗುಂಡಿಗಳನ್ನು ತಿರುಗಿಸಿ ಮೊದಲಿನಿಂದ ಹೊಂದಿಸಿದ. ಪ್ರತಿ ಸಲವೂ ಕೀಲಿ ಒತ್ತಿ ಮೀಟರ್ ನೋಡಿದ. ಮುನ್ನೂರು. ಎಲ್ಲವೂ ಸರಿ ಇದ್ದ ಮೇಲೆ ಉಳಿದದ್ದು ವಾಲ್ವ್ ಒಂದೇ ಎಂದುಕೊಂಡ.

ಇಲ್ಲಿಯವರೆಗೆ ಅವನದು ತಪ್ಪಿಲ್ಲ. ಯಂತ್ರ ಇಟ್ಟುಕೊಂಡವರು ಯಾರಾದರೂ ಮಾಡುವುದೇ. ಆದರೆ ಅಷ್ಟರಲ್ಲಿ ಅವನಿಗೆ "ಹೊಸದು" ಎಂಬ ಮಾತು ನೆನಪಾಯಿತು. ಹೊಸದಾಗಿದ್ದರೆ ಡಬ್ಬಿ ಎಲ್ಲಿ? ಹೊಸ ವಾಲ್ವನ್ನು ಯಾರಾದರೂ ಹಳೆಯ ಪಂಚೆಯಲ್ಲಿ ಸುತ್ತಿ ತರುತ್ತಾರೆಯೇ? ಕಣ್ಣು ತುಂಬಿಸಿದ್ದ ಪಂಚೆಯೇ ಈಗ ಸಾಕ್ಷಿ ಹೇಳತೊಡಗಿತು.

ಮರುದಿನ ಅವನು ರೇಡಿಯೋದಲ್ಲಿ ಏನೂ ಗೊತ್ತಿಲ್ಲದವನಂತೆ, "ನನ್ನ ದನಿ ಹೇಗೆ ಕೇಳ್ತದೆ ಮಾರಾಯ?" ಎಂದ.

"ಗಂಟೆ ಬಾರಿಸಿದಂಗೆ ಕೇಳ್ತಿದೆ ಕಣಯ್ಯ, ಯಾವಾಗಿನ ಹಂಗೇ" ಎಂದ ಗಡಿಯಾರದವನು.

ಕೊಟ್ಟವನು ಕೆಟ್ಟಿದೆ ಎನ್ನುತ್ತಾನೆಯೇ, ಎಂದುಕೊಂಡ ವ್ಯಾಪಾರಿ. ಕಾಸರಗೋಡಿನಲ್ಲಿ ಒಬ್ಬ ಡಾಕ್ಟರ್ ಇದ್ದ, ಅವನೂ ರೇಡಿಯೋ ಹುಚ್ಚಿನವನೇ. ಅವನನ್ನು ಕೇಳಿದ. ಅವನೂ ದನಿ ಚೆನ್ನಾಗಿದೆ ಎಂದ. ಬೇರೆಯವರಾಗಿದ್ದರೆ ಅಲ್ಲಿಗೆ ನೆಮ್ಮದಿಯಾಗುತ್ತಿತ್ತು. ವ್ಯಾಪಾರಿಗೆ ಇಬ್ಬರೂ ಮಾತಾಡಿಕೊಂಡಿದ್ದಾರೆ ಎನ್ನಿಸಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಆಮೇಲೆ ಒಂದು ಗಾಳ ಹಾಕಿದ. "ಹಳೆ ವಾಲ್ವನ್ನು ಒರೆಸಿ ಹೊಸದು ಅಂತ ದಾಟಿಸುವವರು ಇದ್ದಾರಂತೆ ಈಗ" ಎಂದ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಗೆಳೆಯ ಇದನ್ನು ಯಾಕೆ ಹೇಳಿದ ಎಂದು ತಿಳಿಯದೆ ಗಡಿಯಾರದವನು ಸುಮ್ಮನಾಗಿದ್ದ. ವ್ಯಾಪಾರಿ ಮಾತ್ರ ಒಳಗೊಳಗೇ ಹಿಗ್ಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ, ಸಿಕ್ಕಿಬಿದ್ದ, ಎಂದುಕೊಂಡ.

ಇನ್ನು ಬೇಕಾದದ್ದು ಪ್ರಮಾಣ. ವಾಲ್ವನ್ನು ಪರೀಕ್ಷಿಸುವುದಕ್ಕೆ ಒಂದು ಕ್ರಮವಿದೆ. ಕೀಲಿ ಒತ್ತಬೇಕು, ಒಂದು ಉಸಿರಿನಷ್ಟು ಹೊತ್ತು ನೋಡಬೇಕು, ಬಿಡಬೇಕು, ತಣಿಯಲು ಬಿಡಬೇಕು. ನಿನಗೂ ಹೇಳಿಕೊಟ್ಟಿದ್ದೇನೆ ಶ್ರೀಪತಿ. ವ್ಯಾಪಾರಿ ಬಿಡಲಿಲ್ಲ. ಒತ್ತಿ ಹಿಡಿದ. ಗಾಜಿನೊಳಗಿನ ತಗಡು ಇಸ್ತ್ರಿಪೆಟ್ಟಿಗೆಯ ಕೆಂಡದಂತೆ ಕೆಂಪಾಯಿತು. ಮುನ್ನೂರರಲ್ಲಿದ್ದ ಮುಳ್ಳು ಸ್ವಲ್ಪ ಕೆಳಗೆ ಜಾರಿತು. "ನೋಡು, ಒತ್ತಿ ಹಿಡಿದರೆ ತಾನೇ ಬಣ್ಣ ಬಯಲಾಗುವುದು" ಎಂದು ತನಗೆ ತಾನೇ ಹೇಳಿಕೊಂಡ.

ಮರುದಿನ ಇನ್ನೂ ಹೆಚ್ಚು ಹೊತ್ತು ಹಿಡಿದ. ಅದರ ಮರುದಿನ ವಾಲ್ವಿನ ಒಳಗಿನ ತಂತಿಗೆ ಕೊಡಬೇಕಾದ್ದಕ್ಕಿಂತ ಹೆಚ್ಚು ಕರೆಂಟು ಕೊಟ್ಟು ಹಿಡಿದ. ಮುಳ್ಳು ದಿನದಿಂದ ದಿನಕ್ಕೆ ಇಳಿಯುತ್ತ ಬಂತು. ಪ್ರೀತಿಯಿಂದ ಕಟ್ಟಿದ ಒಂದು ವಸ್ತು ಕಣ್ಣೆದುರು ಸಾಯುತ್ತಿದ್ದರೆ ಯಾರಿಗಾದರೂ ಸಂಕಟವಾಗಬೇಕು. ಅವನಿಗೆ ಸಮಾಧಾನವಾಗುತ್ತಿತ್ತು. ಇಳಿದಷ್ಟೂ ತಾನು ಹೇಳಿದ್ದು ನಿಜವಾಗುತ್ತಿದೆಯಲ್ಲ ಎಂಬ ಸಮಾಧಾನ! ಈ ಮಾತು ಹೇಳುವಾಗಲೆಲ್ಲ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ. ನಿನ್ನೆ ಇದ್ದದ್ದು ಇಂದು ಯಾಕೆ ಇಳಿಯಿತು ಎಂದು ಆ ಮನುಷ್ಯ ಒಂದು ಸಲವಾದರೂ ಕೇಳಿಕೊಳ್ಳಲಿಲ್ಲ.

ಮುಳ್ಳು ನೂರೈವತ್ತಕ್ಕೆ ಬಂದ ದಿನ ಅವನು ರೇಡಿಯೋ ಹಚ್ಚಿ, ಕೇಳುವವರೆಲ್ಲ ಕೇಳುತ್ತಿರುವಾಗಲೇ, "ನೀನು ಕೊಟ್ಟ ವಾಲ್ವ್ ಸತ್ತಿದೆ. ಹೊಸದು ಅಂದಿದ್ದೆಯಲ್ಲ, ಈಗ ಎಂಥ ಹೇಳ್ತಿ?" ಎಂದ. ಹತ್ತಾರು ಊರಿನವರು ಆ ಮಾತು ಕೇಳಿದರು. ಗಡಿಯಾರದವನು ವಾದ ಮಾಡಲಿಲ್ಲ. "ಬರ್ತೀನಿ" ಎಂದಷ್ಟೇ ಹೇಳಿದ.

ಹೇಳಿದಂತೆ ಬಂದ. ಚೀಲದಲ್ಲಿ ಸೀಲು ಒಡೆಯದ ಡಬ್ಬಿಯಲ್ಲಿ ಒಂದು ವಾಲ್ವ್ ಇತ್ತು, ತನ್ನ ಮನೆಯ ಮೀಟರ್ ಇತ್ತು. ಸೀಲನ್ನು ವ್ಯಾಪಾರಿಯ ಕೈಯಿಂದಲೇ ಒಡೆಸಿದ. ಹೊಸ ವಾಲ್ವ್ ಹಾಕಿ ಕೀಲಿ ಒತ್ತಿದರು. ವ್ಯಾಪಾರಿಯ ಮೀಟರಿನ ಮುಳ್ಳು ಮುನ್ನೂರಕ್ಕೆ ಹೋಗಿ ನಿಂತಿತು. ಸಿಡಿಲಿನ ಮರುದಿನ ಎಲ್ಲಿ ನಿಂತಿತ್ತೋ ಅಲ್ಲೇ.

"ಇದೂ ಕೆಟ್ಟದ್ದೇ!" ಎಂದ ವ್ಯಾಪಾರಿ. "ಎರಡನೇ ಸಲವೂ ನನ್ನ ತಲೆಗೆ ಕೆಟ್ಟದ್ದನ್ನೇ ಕಟ್ಟಲಿಕ್ಕೆ ಬಂದಿದ್ದೀಯಾ?"

ಗಡಿಯಾರದವನು ಆ ಮುಳ್ಳನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ವ್ಯಾಪಾರಿಯ ಮೀಟರನ್ನು ತೆಗೆದು ಆ ಜಾಗಕ್ಕೆ ತನ್ನ ಮೀಟರನ್ನು ಸೇರಿಸಿದ. ಕೀಲಿ ಒತ್ತಿದ. ನಾನೂರು.

"ಸಿಡಿಲಿಗೆ ಪೆಟ್ಟು ತಿಂದಿರೋದು ನಿನ್ನ ಮೀಟರು" ಎಂದ. "ನಾನೂರು ಇದ್ರೆ ಮುನ್ನೂರು ಅಂತ ತೋರಿಸ್ತಿದೆ. ಅವತ್ತು ನಿನ್ನ ಬಲ ಕಮ್ಮಿಯಾಗೇ ಇರ್ಲಿಲ್ಲ."

ಅಲ್ಲಿಗಾದರೂ ವ್ಯಾಪಾರಿ ಗೆಳೆಯನ ಕೈ ಹಿಡಿದುಕೊಳ್ಳಬಹುದಿತ್ತು. ಆದರೆ ಅನುಮಾನ ಒಳಗೆ ಬರುವಾಗ ಕೇಳಿ ಬರುವುದಿಲ್ಲ, ಹೋಗೆಂದರೆ ಹೋಗುವುದೂ ಇಲ್ಲ. "ಹಾಗಾದರೆ ಹಳೆಯದನ್ನೂ ನಿನ್ನ ಮೀಟರಿನಲ್ಲೇ ನೋಡುವ" ಎಂದ. ಹಳೆಯ ವಾಲ್ವ್ ಹಾಕಿದರು. ಒಳ್ಳೆಯ ಮೀಟರಿನಲ್ಲಿ ಮುಳ್ಳು ಇನ್ನೂರಕ್ಕೆ ಬಂದು ನಿಂತಿತು. ಅರ್ಧಕ್ಕರ್ಧ. ವ್ಯಾಪಾರಿಯ ಮುಖ ಅರಳಿತು.

"ನೋಡಿದೆಯಾ? ಮೀಟರ್ ಕೆಟ್ಟಿರಲಿ, ಬಿಡಲಿ, ನಾನು ಹೇಳಿದ್ದು ಸುಳ್ಳಾ? ಈ ವಾಲ್ವ್ ಸರಿ ಇಲ್ಲ."

ಗಡಿಯಾರದವನು ವಾಲ್ವ್ ತಣಿಯುವವರೆಗೆ ಕಾದು ಅದನ್ನು ಹೊರತೆಗೆದು ಬೆಳಕಿಗೆ ಹಿಡಿದ. ಒಳಗಿನ ತಗಡು ಬೆಂದು ಸೊಟ್ಟಗಾಗಿತ್ತು. ಗಾಜು ಕಪ್ಪಿಟ್ಟಿತ್ತು.

"ಈಗ ಹೌದು" ಎಂದ.

ಊಟಕ್ಕೆ ನಿಲ್ಲಲಿಲ್ಲ. ಹೊಸ ವಾಲ್ವನ್ನೂ ತನ್ನ ಮೀಟರನ್ನೂ ಅಲ್ಲೇ ಬಿಟ್ಟ. ಸುಟ್ಟ ವಾಲ್ವನ್ನು ಮಾತ್ರ ಹೆಗಲ ಮೇಲಿನ ವಸ್ತ್ರದಲ್ಲಿ ಸುತ್ತಿಕೊಂಡು ಸಂಜೆಯ ಬಸ್ಸು ಹತ್ತಿದ.

ಮರುದಿನ ಬೆಳಿಗ್ಗೆ ವ್ಯಾಪಾರಿ ಅಟ್ಟ ಹತ್ತಿ ಗೆಳೆಯನನ್ನು ಕರೆದ. ಮುಳ್ಳು ನಾನೂರಕ್ಕೆ ಹೋಗಿ ನಿಂತಿತು. ಗೋವಾದವರು ಓಗೊಟ್ಟರು, ಕೊಚ್ಚಿಯವರು ಓಗೊಟ್ಟರು, ಕಾಸರಗೋಡಿನ ಡಾಕ್ಟರ್ ಓಗೊಟ್ಟ. ಗಡಿಯಾರದವನು ಓಗೊಡಲಿಲ್ಲ. ಎಷ್ಟೋ ದಿನಗಳ ಮೇಲೆ ಡಾಕ್ಟರನೇ ಹೇಳಿದ, ಗಡಿಯಾರದವನು ಈಗಲೂ ದಿನಾ ಬೆಳಿಗ್ಗೆ ರೇಡಿಯೋ ಹಚ್ಚುತ್ತಾನೆ, ಕೇಳುತ್ತಾ ಕೂರುತ್ತಾನೆ, ಮಾತಾಡುವುದಿಲ್ಲ ಎಂದು. ಸುದ್ದಿ ಕೇಳಿದ ವ್ಯಾಪಾರಿ ಅಟ್ಟದಲ್ಲೇ ಕುಳಿತು ಅತ್ತ. ಆ ದಿನ ಅಂಗಡಿ ತೆರೆಯಲಿಲ್ಲ.

ಟೀಚರ್ ಕತೆ ನಿಲ್ಲಿಸಿದರು. ಶ್ರೀಪತಿ ಚಡಪಡಿಸಿದ.

"ಆ ವ್ಯಾಪಾರಿಯ ಮೀಟರ್ ಕೆಟ್ಟಿತ್ತು ಟೀಚರ್. ನಾನು ಕಣ್ಣಾರೆ ನೋಡ್ತಾ ಇದ್ದೇನೆ. ವಾರಿಜಾ ಮೊದಲಿನ ಹಾಗಿಲ್ಲ. ಅದು ಸುಳ್ಳಾ?"

ಟೀಚರ್ ಪಕ್ಕಕ್ಕಿಟ್ಟಿದ್ದ ಕೀಲಿಯನ್ನು ಮತ್ತೆ ಅವನ ಮುಂದೆ ಸರಿಸಿದರು.

"ನೀನು ಪರೀಕ್ಷೆ ಶುರು ಮಾಡಿದ ದಿನ ಅವಳು ನಗುತ್ತಿದ್ದಳು ಅಂದೆಯಲ್ಲ, ಶ್ರೀಪತಿ."

ಅವನು ಕೀಲಿಯನ್ನು ಮುಟ್ಟಲಿಲ್ಲ.